ಮೌನಕ್ಕೊಂದು ಮೈಕ್ ಟೆಸ್ಟಿಂಗ್

ಆಹ್ವಾನ ಪತ್ರಿಕೆ ನಿಮಗೂ ಬಂದಿರುತ್ತದೆ. ಕಲಬುರಗಿಯಲ್ಲಿ ಮೊಬೈಲ್ ಇಟ್ಟುಕೊಂಡ ಯಾರೂ ಅದರಿಂದ ಪಾರಾದಂತೆ ಕಾಣುವುದಿಲ್ಲ. ಪ್ರಕೃತಿಯ ಮಡಿಲಲ್ಲಿ ಮೌನವಾಗಿ ಕುಳಿತು ಕವಿತೆ ಬರೆಯುವ ಒಂದು ದಿನದ ಶಿಬಿರವಂತೆ, ಚಿಂಚೋಳಿ ಕಾಡಿನ ಅಂಚಿನಲ್ಲಿ. ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಘನ ಉಪಸ್ಥಿತಿ, ಆಶಯ ನುಡಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು ಎಂದು ಇಳಿಯುತ್ತ ಹೋಗುವ ಹೆಸರುಗಳೆಲ್ಲ ಮುಗಿದ ಮೇಲೆ, ಭೋಜನಕ್ಕೂ ವಂದನಾರ್ಪಣೆಗೂ ನಡುವೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: 'ಮೌನ, 15 ನಿಮಿಷ (ಸಮಯಾವಕಾಶವಿದ್ದಲ್ಲಿ)'. ಅದರ ಕೆಳಗೆ, ಶಾಮಿಯಾನ ಮತ್ತು ಧ್ವನಿವರ್ಧಕ ಒದಗಿಸಿದ ದಾನಿಗಳಿಗೆ ಕೃತಜ್ಞತೆ.

ಕಾಡಿಗೆ ಹೋಗಿ ಶಾಮಿಯಾನದ ಕೆಳಗೆ ಕೂರುವುದೇ ಎಂದು ನಗಬೇಡಿ. ಸಂಘಟಕರು ಅನುಭವಸ್ಥರು. ಎಲೆ ಉದುರಿಸಿ ನಿಂತ ಒಣ ಕಾಡಿನಲ್ಲಿ ಏಪ್ರಿಲ್ ತಿಂಗಳ ನೆರಳು ಯಾರ ಕೈಗೂ ಸಿಗುವಂಥದ್ದಲ್ಲ. ನಮ್ಮ ಬಿಸಿಲಿಗೆ ಸರ್ಕಾರವೇ ಹೆದರುತ್ತದೆ. ಏಪ್ರಿಲ್, ಮೇ ಬಂದರೆ ಈ ಭಾಗದ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚಿಸುತ್ತದೆ. ಶಿಬಿರದ ಉದ್ಘಾಟನೆ ಮಾತ್ರ 11 ಗಂಟೆಗೆ. ನಮ್ಮ ಕಡೆಯ ಲೆಕ್ಕದಲ್ಲಿ ಅದು ಮಧ್ಯಾಹ್ನ ಒಂದು ಗಂಟೆ. ಅತಿಥಿಗಳು ಬರುವ ತನಕ ಸ್ಥಳೀಯ ಕಲಾವಿದರಿಂದ ಸುಗಮ ಸಂಗೀತ ಇದ್ದೇ ಇರುತ್ತದೆ. ಹೀಗಾಗಿ ಮೌನದ ಪಾಳಿ ಬರುವ ಹೊತ್ತಿಗೆ ಎಲ್ಲರೂ ಉಂಡು, ಗೋಡಂಬಿ ಹಾಕಿದ ಶಿರಾ ಮೈಗೆ ಹತ್ತಿ, ತಾವಾಗಿಯೇ ಕಣ್ಣು ಮುಚ್ಚಿರುತ್ತಾರೆ. ಇಂಥ ಗಾಢ ಮೌನವನ್ನು ಯಾವ ಋಷಿಯೂ ಸಾಧಿಸಿರಲಾರ.

2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ ಕಾಡು ಅದು, ಸುಮಾರು 134 ಚದರ ಕಿಲೋಮೀಟರ್. ಅಲ್ಲಿ ತೋಳವಿದೆ, ಕತ್ತೆಕಿರುಬವಿದೆ. ಘನ ಉಪಸ್ಥಿತಿಯಲ್ಲಿ ಅವುಗಳ ಹೆಸರನ್ನು ಬಿಟ್ಟಿರುವುದು ಬಹುಶಃ ಕಣ್ತಪ್ಪು.

ಶಿಬಿರದಲ್ಲಿ ಹುಟ್ಟಲಿರುವ ಕವಿತೆಗಳನ್ನು ನಾನು ಈಗಲೇ ಹೇಳಬಲ್ಲೆ. ಜಿಟಿಜಿಟಿ ಮಳೆ ಬರುತ್ತದೆ. ಅಡಿಕೆ ತೋಟದ ಮೇಲೆ ಮಂಜು ಇಳಿಯುತ್ತದೆ. ಹಂಚಿನ ಮನೆ, ಜುಳುಜುಳು ತೊರೆ, ಎಲ್ಲ ತಪ್ಪದೆ ಬರುತ್ತವೆ. ಅದೇನು ಮಾಯೆಯೋ, ನಮ್ಮ ಕವಿಗಳ ಪ್ರಕೃತಿ ತೀರ್ಥಹಳ್ಳಿಯಲ್ಲಿ ಬಾಡಿಗೆಗೆ ಇದೆ. ಕಲಬುರಗಿಯಲ್ಲಿ ಹುಟ್ಟಿ, ಶಹಾಬಾದ್ ಕಲ್ಲು ಹಾಸಿದ ಅಂಗಳದಲ್ಲಿ ಬರಿಗಾಲಿಟ್ಟು ಕುಣಿದಾಡಿ, ಜಾಲಿಮುಳ್ಳು ತುಳಿದು ಬೆಳೆದವರು ಪೆನ್ನು ಹಿಡಿದೊಡನೆ ಕೊಡೆ ಬಿಚ್ಚುತ್ತಾರೆ. ಫಾಲ್ಗುಣದಲ್ಲಿ ಒಂದು ಎಲೆಯೂ ಇಲ್ಲದೆ ಕೆಂಪಗೆ ಹೊತ್ತಿಕೊಳ್ಳುವ ಮುತ್ತುಗ ಅವರ ಕಣ್ಣಿಗೆ ಬೀಳುವುದಿಲ್ಲ. ಮೇ ತಿಂಗಳಲ್ಲಿ ಕರಿ ನೆಲ ಬಿರುಕು ಬಿಟ್ಟಾಗ ಆ ಬಿರುಕಿನೊಳಗೆ ಕೈ ಮುಂಗೈವರೆಗೆ ಇಳಿಯುತ್ತದೆ. ಮೇಲೆ ಕಾದ ಹೆಂಚು, ಒಳಗೆ ತಣ್ಣನೆಯ ಗಾಳಿ. ಇದರ ಮೇಲೆ ಯಾರಾದರೂ ನಾಲ್ಕು ಸಾಲು ಬರೆದರೆ ಸಂಪಾದಕರು 'ಪ್ರಕೃತಿ ಪುರವಣಿಗೆ ಹೊಂದುವುದಿಲ್ಲ, ಬರಗಾಲದ ಸಂಚಿಕೆಗೆ ಇಟ್ಟುಕೊಳ್ಳುತ್ತೇವೆ' ಎನ್ನುತ್ತಾರೆ.

ಅಷ್ಟು ದೂರ ಕಾಡಿಗೇಕೆ, ಊರಲ್ಲೇ ಕೆರೆಯಿದೆಯಲ್ಲ ಎಂದು ನೀವು ಕೇಳಬಹುದು. ಇದೆ. ಅದನ್ನು ಅಭಿವೃದ್ಧಿ ಮಾಡಿದ್ದಾರೆ. ಊರಿನ ಹೆಸರನ್ನು ಆಳೆತ್ತರದ ಅಕ್ಷರಗಳಲ್ಲಿ ಕೊರೆದು, ಪಕ್ಕದಲ್ಲಿ ಕೆಂಪು ಹೃದಯವನ್ನೂ ನಿಲ್ಲಿಸಿದ್ದಾರೆ. ಅಕ್ಷರಗಳು ಎಷ್ಟು ಚೆನ್ನಾಗಿವೆಯೆಂದರೆ ಹಿಂದಿನ ನೀರು ಕಾಣುವುದಿಲ್ಲ. ಬೆಂಚುಗಳ ಮುಖ ಅಕ್ಷರಗಳ ಕಡೆಗಿದೆ, ಬೆನ್ನು ಕೆರೆಗೆ. ಕಾವಲುಗಾರ ತನ್ನ ಟವೆಲನ್ನು 'ಲ' ಅಕ್ಷರದ ಮೇಲೆ ಒಣಹಾಕಿ, 'ಗಿ' ಅಕ್ಷರದ ನೆರಳಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಾನೆ. ಅಷ್ಟರಮಟ್ಟಿಗೆ ಕನ್ನಡದಿಂದ ಅನ್ನವೂ ನೆರಳೂ ಸಿಕ್ಕ ಏಕೈಕ ವ್ಯಕ್ತಿ ಅವನೇ ಇರಬೇಕು.

ಆ ಅಕ್ಷರಗಳು ನಿಂತ ಜಾಗದಲ್ಲಿ ಮೊದಲು ಬೇವಿನ ಮರಗಳಿದ್ದವು. ಬುಡಕ್ಕೆ ಒಂದು ಕಟ್ಟೆ ಇತ್ತು. ಸಂಜೆಯಾದರೆ ನಿವೃತ್ತ ಮೇಷ್ಟ್ರುಗಳು, ಆಟೋದವರು, ತರಕಾರಿ ಮಾರಿ ದಣಿದ ಹೆಂಗಸರು ಬಂದು ಸುಮ್ಮನೆ ಕೂರುತ್ತಿದ್ದರು. ಯಾರೂ ಅದನ್ನು ಶಿಬಿರ ಎಂದು ಕರೆಯಲಿಲ್ಲ. ಬಿಸಿಲು 43 ಡಿಗ್ರಿ ಮುಟ್ಟುವ ಊರಿನಲ್ಲಿ ಬೇವಿನ ಮರಕ್ಕೆ ಗರಗಸ ಹಚ್ಚಲು ಒಬ್ಬ ಸಹಿ ಹಾಕಿದನಲ್ಲ, ಅವನಿಗೆ ಏನು ಹೇಳುವುದು? ಅರ್ಜಿ ಕೊಟ್ಟೆವು. ಕಡಿದದ್ದಕ್ಕೆ ಬದಲು ಸಸಿ ನೆಡುತ್ತೇವೆ ಎಂದರು. ನೆಟ್ಟರು, ಫೋಟೊ ತೆಗೆಸಿಕೊಂಡರು, ನೀರು ಹಾಕುವ ಗುತ್ತಿಗೆ ಯಾರಿಗೆಂದು ಇನ್ನೂ ತೀರ್ಮಾನವಾಗಿಲ್ಲ. ಸಸಿಗೆ ಹಾಕಿದ ಕಬ್ಬಿಣದ ಜಾಲರಿ ಗಟ್ಟಿಯಾಗಿದೆ, ಅದರ ಮೇಲಿನ ದಾನಿಯ ಹೆಸರೂ ಸ್ಪಷ್ಟವಾಗಿದೆ. ಒಳಗೆ ಕಡ್ಡಿ. ಇದನ್ನು ಬರೆದೂ ಬರೆದೂ ಸಾಕಾಗಿದೆ.

ಇನ್ನು ನೋಟುಪುಸ್ತಕ ಹಿಡಿದು ಒಬ್ಬರೇ ಎಲ್ಲಾದರೂ ಕೂರೋಣವೆಂದರೆ ನಮ್ಮ ಕಡೆ ಅದಕ್ಕೂ ತೊಡಕಿದೆ. ಒಂದು ಚಳಿಗಾಲ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಹೋಗಿದ್ದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಟಿಎ, ಡಿಎ ಯಾವುದನ್ನೂ ಕೇಳದೆ ನೀರಿನಲ್ಲಿ ತೇಲುತ್ತಿದ್ದವು. ಏರಿಯ ಮೇಲೆ ಕುಳಿತು ಒಂದು ಸಾಲು ಬರೆದಿದ್ದೆನೋ ಇಲ್ಲವೋ, ಹಿಂದಿನಿಂದ ಕೆಮ್ಮು ಕೇಳಿಸಿತು.

"ಸಾಹೇಬರೇ, ಸರ್ವೆಗೆ ಬಂದಿದ್ದೀರಾ?"

ಇಲ್ಲ, ಹಕ್ಕಿ ನೋಡಲು ಬಂದಿದ್ದೇನೆ ಎಂದೆ. ಹಿರಿಯರು ನನ್ನನ್ನೂ ಪುಸ್ತಕವನ್ನೂ ಸಂಶಯದಿಂದ ನೋಡಿದರು. ಹಕ್ಕಿ ನೋಡಲು ಪುಸ್ತಕವೇಕೆ? ಸಂಬಳ ಯಾರು ಕೊಡುತ್ತಾರೆ? ಉತ್ತರ ಹೊಳೆಯುವಷ್ಟರಲ್ಲಿ ಇನ್ನಿಬ್ಬರು ಸೇರಿದರು. "ಇರಲಿ ಬಿಡಿ, ಹೇಗೂ ಬರೆಯುತ್ತಿದ್ದೀರಿ, ಹತ್ತಿಯ ವಿಮೆ ದುಡ್ಡು ಬಂದಿಲ್ಲ, ಅದನ್ನೂ ಬರೆದುಕೊಳ್ಳಿ" ಎಂದರು ಹಿರಿಯರು. ಬರೆದುಕೊಂಡೆ. ಸರ್ವೆ ನಂಬರು, ಪಹಣಿಯಲ್ಲಿ ತಪ್ಪಾದ ತಂದೆಯ ಹೆಸರು, ಕೆಟ್ಟು ನಿಂತ ಟ್ರಾನ್ಸ್‌ಫಾರ್ಮರ್, ಎಲ್ಲವನ್ನೂ. ಹೊರಡುವಾಗ ಒಬ್ಬರು ಬಾತುಗಳ ಕಡೆ ಕೈ ತೋರಿಸಿ, "ಇವು ರಾತ್ರಿ ನಮ್ಮ ಹೊಲಕ್ಕೆ ಇಳಿಯುತ್ತವೆ, ಇವಕ್ಕೂ ಒಂದು ನೋಟಿಸ್ ಕೊಡಿಸಿ" ಎಂದರು. ಪ್ರಕೃತಿಯ ಬಗ್ಗೆ ನಾನು ಕೇಳಿದ ಭಾಷಣಗಳಲ್ಲಿ ಇಷ್ಟು ನೇರವಾದದ್ದು ಇನ್ನೊಂದಿಲ್ಲ.

ನಿನ್ನೆ ಸಂಘಟಕರೊಬ್ಬರು ಫೋನ್ ಮಾಡಿದ್ದರು. ಕವಿತೆ ಹದಿನಾರು ಸಾಲು ಮೀರಬಾರದು, ಮೊದಲೇ ಬರೆದುಕೊಂಡು ಬಂದರೆ ಒಳ್ಳೆಯದು, ಅಲ್ಲಿ ಬರೆಯಲು ಸಮಯವಿರುವುದಿಲ್ಲ ಎಂದರು. ಅಷ್ಟು ಬಿಸಿಲಿನಲ್ಲಿ ಜನ ಬರುತ್ತಾರೆಯೇ ಎಂದು ಕೇಳಿದೆ. ಶಾಲು, ನೆನಪಿನ ಕಾಣಿಕೆ, ಪ್ರಮಾಣಪತ್ರ ಎಲ್ಲರಿಗೂ ಇದೆಯಂತೆ. ಶಿಕ್ಷಕರಿಗೆ ರಜೆ ಹಾಕದೆ ಬರುವ ಓಓಡಿ ಸೌಲಭ್ಯಕ್ಕೆ ಮೇಲಿನವರ ಜೊತೆ ಮಾತಾಗಿದೆಯಂತೆ. ಹಾಗಾದರೆ ಕುರ್ಚಿ ಸಾಲುವುದಿಲ್ಲ, ಇನ್ನೂರು ಹೆಚ್ಚಿಗೆ ಹೇಳಿ ಎಂದೆ.