ಹದಿನೆಂಟು ಗುಂಡಿಯ ಆಟಕ್ಕೆ ಹೊರಟ ನಾಲ್ವರು

ರಸ್ತೆಗುಂಡಿ ಮುಚ್ಚಲು ಮತ್ತೊಂದು ಗಡುವು ಕೊಟ್ಟ ಸುದ್ದಿ ನೀವೂ ಓದಿರುತ್ತೀರಿ. ಇದು ಎಷ್ಟನೆಯದು ಅಂತ ಎಣಿಸೋದು ಬಿಟ್ಟು ಬಹಳ ದಿನವಾಯಿತು. ಅದೇ ಬೆಳಿಗ್ಗೆ ನಮ್ಮ ವಾಟ್ಸಾಪ್ ಗುಂಪಿನಲ್ಲೂ ಒಂದು ಗಡುವು ಬಂತು: 'ಭಾನುವಾರದೊಳಗೆ ಎಲ್ಲರೂ ವೋಟ್ ಹಾಕಿ, ಇಲ್ಲಾಂದ್ರೆ ಟೀ ಟೈಮ್ ಸಿಗಲ್ಲ.' ಇದು ಚಹಾ ಕುಡಿಯುವ ಹೊತ್ತಲ್ಲ, ಗಾಲ್ಫಿನ ಮೊದಲ ಚೆಂಡು ಹೊಡೆಯಲು ಕಾಯ್ದಿರಿಸುವ ಹೊತ್ತು. ನನಗೂ ಇದು ಗೊತ್ತಾಗಿದ್ದು ಎರಡು ಸಲ ಫ್ಲಾಸ್ಕ್ ಹಿಡಿದು ಹೋದಮೇಲೆ.

ಗುಂಪಿನಲ್ಲಿ ನಾವು ನಾಲ್ವರು. ಬ್ಯಾಂಕಿನಿಂದ ವಿಆರ್‌ಎಸ್ ತಗೊಂಡವನೊಬ್ಬ, ಹಲ್ಲಿನ ಡಾಕ್ಟರೊಬ್ಬ, ಸೈಟು ಮಾರಿಸುವವನೊಬ್ಬ, ನಾನು. ಅವರು ಮೂವರೂ ಆಡುತ್ತಾರೆ. ನಾನು ಸ್ಕೋರ್ ಬರೆಯುತ್ತೇನೆ, ದಾರಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತೇನೆ, ಪೆಟ್ರೋಲಿನ ಖರ್ಚು ಮೂರರ ಬದಲು ನಾಲ್ಕು ಪಾಲಾಗಲು ಕಾರಣನಾಗುತ್ತೇನೆ. ವರ್ಷಕ್ಕೊಂದು ಗಾಲ್ಫ್ ಪ್ರವಾಸ ಅನ್ನೋದು ನಮ್ಮ ಸಂಪ್ರದಾಯ. ಚರ್ಚೆ ಯುಗಾದಿಗೆ ಶುರುವಾಗಿ, ಗಣೇಶನ ಹಬ್ಬಕ್ಕೆ ಜಗಳವಾಗಿ, ದಸರಾ ರಜೆಗೆ ರೂಮಿಲ್ಲ ಅಂತ ಗೊತ್ತಾಗಿ ಮುಗಿಯುತ್ತದೆ. ಬ್ಯಾಂಕಿನವನಿಗೆ ಮೈಸೂರೇ ಆಗಬೇಕು, ಚಾಮುಂಡಿ ಬೆಟ್ಟ ನೋಡ್ತಾ ಹೊಡೆಯೋ ಸುಖ ಬೇರೆ ಅಂತಾನೆ. ಡಾಕ್ಟರಿಗೆ ಕೊಡಗಿನ ಬಿಟ್ಟಂಗಾಲ. ಸೈಟಿನವನಿಗೆ ಚಿಕ್ಕಮಗಳೂರು, ಯಾಕಂದ್ರೆ ಅಲ್ಲೊಂದು ಕಾಫಿ ತೋಟ ಮಾರಾಟಕ್ಕಿದೆ. ಬೆಂಗಳೂರಲ್ಲೇ 1876ರಿಂದ ಗಾಲ್ಫ್ ಕ್ಲಬ್ ಇದೆಯಲ್ಲ, ಊರು ಬಿಟ್ಟು ಯಾಕೆ ಹೋಗಬೇಕು ಅಂತ ಒಮ್ಮೆ ಕೇಳಿದ್ದೆ. ಮೂವರೂ ಕರುಣೆಯಿಂದ ನೋಡಿದರು.

ಊರು ಬಿಡುವುದೇ ಇದರಲ್ಲಿ ಕಷ್ಟದ ಭಾಗ. ಮೈಸೂರಿಗೆ 119 ಕಿ.ಮೀ. ಹೆದ್ದಾರಿ ಬಂತು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯೂ ಆಯಿತು. ಎಪ್ಪತ್ತೈದು ನಿಮಿಷದ ದಾರಿ ಅಂದರು. ಆ ಹೆದ್ದಾರಿಯ ಬಾಯಿಗೆ ಬಂದು ಸೇರಲು ಎಷ್ಟು ನಿಮಿಷ ಅಂತ ಯಾರೂ ಭಾಷಣದಲ್ಲಿ ಹೇಳಲಿಲ್ಲ. ನಮ್ಮ ಬ್ಯಾಂಕಿನವನು ವೈಟ್‌ಫೀಲ್ಡಿನಲ್ಲಿದ್ದಾನೆ. ಏಳೂವರೆಗೆ ಮೈಸೂರಲ್ಲಿ ಟೀ ಟೈಮ್ ಅಂದರೆ ಅವನು ಹಿಂದಿನ ರಾತ್ರಿಯೇ ಗಾಲ್ಫ್ ಚೀಲ ಹೊತ್ತು ಬನಶಂಕರಿಯ ನಮ್ಮ ಮನೆಗೆ ಬಂದು ಮಲಗುತ್ತಾನೆ. ಹದಿನಾಲ್ಕು ಕೋಲಿನ ಆ ಚೀಲ ನಮ್ಮ ದೇವರಮನೆ ಬಾಗಿಲಿಗೆ ಒರಗಿಕೊಂಡಿರುತ್ತದೆ. ನನ್ನವಳು ಬೆಳಿಗ್ಗೆ ಅದನ್ನೂ ದಾಟಿಕೊಂಡು ದೀಪ ಹಚ್ಚಬೇಕು.

ಹೋದ ವರ್ಷ ಹೇಗೋ ಹೊರಟೆವು. ಮೈಸೂರಲ್ಲಿ ಐದನೇ ಗುಂಡಿಯ ಹತ್ತಿರ ಡಾಕ್ಟರ ಚೆಂಡು ಒಂದು ಕಿತ್ತುಹೋದ ಜಾಗದಲ್ಲಿ ಬಿತ್ತು. ಸುತ್ತ ಬಿಳಿ ಬಣ್ಣದಲ್ಲಿ ಒಂದು ಗೆರೆ. ಡಾಕ್ಟರು ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಚೀಲ ಹೊರುವ ಕ್ಯಾಡಿ ಹುಡುಗ, 'ಎತ್ಕಳಿ ಸಾರ್, ರಿಪೇರಿ ಜಾಗ, ಪೆನಾಲ್ಟಿ ಇಲ್ಲ' ಅಂದ. ನಾನು ಕೈಲಿದ್ದ ಪೆನ್ಸಿಲ್ ಕೆಳಗಿಟ್ಟೆ. ಅಂದರೆ ದುರಸ್ತಿಯಲ್ಲಿರುವ ನೆಲದಲ್ಲಿ ನಿಮ್ಮ ಚೆಂಡು ಬಿದ್ದರೆ ತಪ್ಪು ನಿಮ್ಮದಲ್ಲ, ಎತ್ತಿ ಪಕ್ಕದಲ್ಲಿ ಹಾಕಿಕೊಂಡು ಆಟ ಮುಂದುವರಿಸಬಹುದು! ಮಳೆ ನೀರು ನಿಂತಿದ್ದರೂ ಇದೇ ನಿಯಮ. ಪ್ರಾಣಿ ಬಿಲ ತೋಡಿದ್ದರೂ ಇದೇ. ಯಾವುದೋ ಮುಂಗುಸಿ ಮಾಡಿದ ಕೆಲಸಕ್ಕೆ ಆಟಗಾರ ದಂಡ ತೆರಬೇಕಾಗಿಲ್ಲ ಅಂತ ಬರೆದಿಟ್ಟ ಪುಣ್ಯಾತ್ಮರು ಯಾರೋ!

ನಮ್ಮ ರಸ್ತೆ ಕೊನೆಯ ತಿರುವನ್ನು ತೋಡಿದ್ದು ಮುಂಗುಸಿಯಲ್ಲ. ಮೊದಲು ನೀರಿನವರು ತೋಡಿದರು, ಅದು ಮುಚ್ಚುವ ಮುಂಚೆ ಕೇಬಲ್ಲಿನವರು, ಆಮೇಲೆ ಗ್ಯಾಸಿನವರು. ಕೊನೆಗೆ ಯಾರೂ ತೋಡದೆಯೇ ಅದು ತಾನಾಗಿ ಬೆಳೆಯತೊಡಗಿತು. ಅಂಗಡಿಯವನು ಅದರಲ್ಲೊಂದು ಹೊಂಗೆ ಕೊಂಬೆ ನೆಟ್ಟ. ಒಂದು ಭಾನುವಾರ ಬ್ಯಾಂಕಿನವನು ತನ್ನ ಪಟರ್, ಅಂದರೆ ಚೆಂಡನ್ನು ಗುಂಡಿಗೆ ತಳ್ಳುವ ಕೋಲು, ತಂದು ಅಳೆದ. ಗಾಲ್ಫಿನ ಗುಂಡಿ ಜಗತ್ತಿನಲ್ಲಿ ಎಲ್ಲಿ ಹೋದರೂ ನಾಲ್ಕೂಕಾಲು ಇಂಚು ಅಗಲ, ಕೂದಲೆಳೆಯೂ ಹೆಚ್ಚಿಲ್ಲ. ನಮ್ಮದರ ಈ ದಡದಲ್ಲಿ ಪಟರಿನ ತಲೆ ಇಟ್ಟರೆ ಹಿಡಿ ಆ ದಡ ಮುಟ್ಟಲಿಲ್ಲ. ಬಗ್ಗಿ ನೋಡುತ್ತಿದ್ದವನ ಪಕ್ಕ ಒಂದು ಆಟೋ ನಿಂತಿತು. 'ಏನ್ ಸಾರ್, ಮೀನು ಸಿಕ್ತಾ?' ಅಂದ ಡ್ರೈವರ್.

ಬಿಳಿ ಗೆರೆಯ ವಿಷಯ ಪಾಲಿಕೆಗೆ ತಿಳಿಸೋಣ ಅಂದುಕೊಂಡೆ. ಯಾವ ಪಾಲಿಕೆಗೆ? 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರುಗಳು ಮನೆಗೆ ಹೋದರು. ಐದು ವರ್ಷ ಚುನಾವಣೆಯೇ ಇಲ್ಲದೆ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಕೆಳಗೆ ಐದು ಪಾಲಿಕೆ. ಗಾಲ್ಫಿನವರೂ 2019ರಲ್ಲಿ ನಿಯಮ ಬದಲಿಸಿ, ಮೈದಾನದ ಕೆರೆ-ಹಳ್ಳಗಳಿಗಿದ್ದ 'ವಾಟರ್ ಹಜಾರ್ಡ್' ಅನ್ನೋ ಹೆಸರು ತೆಗೆದು 'ಪೆನಾಲ್ಟಿ ಏರಿಯಾ' ಅಂದರಂತೆ. ನೀರು ಅಲ್ಲೇ ಇದೆ.

ಯೋಜನೆ ಅಂದರೆ ಹೇಗಿರಬೇಕು ಅನ್ನೋದನ್ನು ನಮ್ಮ ಶಾಸಕರಿಂದ ಕಲಿಯಬೇಕು. ಗಾಲ್ಫ್ ರೆಸಾರ್ಟಿಗೆ ಗುಂಪು ಪ್ರವಾಸ ಹೋಗುವುದರಲ್ಲಿ ಈ ರಾಜ್ಯದಲ್ಲಿ ಅವರನ್ನು ಮೀರಿಸಿದವರಿಲ್ಲ. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರು ಅಷ್ಟು ದೂರದಿಂದ ಬಿಡದಿಯ ಗಾಲ್ಫ್ ರೆಸಾರ್ಟಿಗೆ ಬಂದಿಳಿದರು. 2018ರಲ್ಲಿ ನಮ್ಮವರದೇ ಸರದಿ. 2019ರ ಜುಲೈನಲ್ಲಿ ಜೆಡಿಎಸ್‌ನವರು ನಂದಿಬೆಟ್ಟದ ಕಡೆಯ ಇನ್ನೊಂದು ಗಾಲ್ಫ್ ರೆಸಾರ್ಟ್ ಹಿಡಿದರು. ಎಂಥ ಶಿಸ್ತು! ಸಂಜೆ ತೀರ್ಮಾನ, ರಾತ್ರಿ ಬಸ್ಸು, ಬೆಳಿಗ್ಗೆ ತಿಂಡಿ. ಒಬ್ಬನಾದರೂ 'ಮನೇಲಿ ಕೇಳಿ ಹೇಳ್ತೀನಿ' ಅಂದನೇ? ಖರ್ಚು ನಾಲ್ಕು ಪಾಲೋ ನಲವತ್ತು ಪಾಲೋ ಅಂತ ಕೂಗಾಡಿದರೇ? ಅವರಲ್ಲಿ ಎಷ್ಟು ಜನ ಗಾಲ್ಫ್ ಕೋಲು ಮುಟ್ಟಿದರೋ, ಪ್ರವಾಸವಂತೂ ನಿಂತಿಲ್ಲ. 2019ರ ಜನವರಿಯಲ್ಲಿ ಬಿಡದಿಯಲ್ಲೇ ಇಬ್ಬರು ಶಾಸಕರು ಹೊಡೆದಾಡಿಕೊಂಡು ಒಬ್ಬರು ಆಸ್ಪತ್ರೆ ಸೇರಿದರು, ನಿಜ. ಅಷ್ಟು ನಮ್ಮ ಗುಂಪಿನಲ್ಲೂ ಆಗುತ್ತಿತ್ತು, ನಾವು ವರ್ಷ ವರ್ಷವೂ ಹೊರಟಿದ್ದರೆ.

ಗಾಲ್ಫನ್ನು ಹೊಗಳುತ್ತಾ ಹೋದರೆ ಚಲ್ಲಘಟ್ಟ ಕೆರೆ ಎದ್ದು ಬಂದು ಕೇಳುತ್ತದೆ. ದೊಮ್ಮಲೂರಿನ ಆಚೆ ಇದ್ದ ಆ ಕೆರೆ ಈಗ ಗಾಲ್ಫ್ ಮೈದಾನ. ನೀರಿದ್ದ ಕಡೆ ಹುಲ್ಲು ಬೆಳೆಸಿ, ಆಟ ಸಪ್ಪೆಯಾಗಬಾರದು ಅಂತ ಹುಲ್ಲಿನ ನಡುವೆ ಮತ್ತೆ ನೀರು ನಿಲ್ಲಿಸಿದ್ದಾರೆ. ಗಾಲ್ಫಿನವರನ್ನೇ ಬೈದು ಏನು ಮಾಡೋದು, ಮೆಜೆಸ್ಟಿಕ್ ಆದ ಧರ್ಮಾಂಬುಧಿ ಕೆರೆಯಲ್ಲಿ ಬಸ್ಸು ನಿಲ್ಲುತ್ತದೆ, ಕಂಠೀರವ ಕ್ರೀಡಾಂಗಣವಾದ ಸಂಪಂಗಿ ಕೆರೆಯಲ್ಲಿ ಜನ ಓಡುತ್ತಾರೆ. ಮಳೆ ಬಂದ ದಿನ ನೀರು ಮಾತ್ರ ಹಳೇ ವಿಳಾಸ ಹುಡುಕಿಕೊಂಡು ಹೊರಡುತ್ತದೆ. ಸಿಗದಿದ್ದರೆ ನಿಮ್ಮ ಬೇಸ್‌ಮೆಂಟಿನಲ್ಲಿ ಕಾಯುತ್ತದೆ. 2024ರ ಬೇಸಿಗೆಯಲ್ಲಿ ಇದೇ ಊರಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿದ್ದರು.

ತಮಾಷೆ ಸಾಕು ಅನ್ನಿಸುತ್ತದೆ ಒಮ್ಮೊಮ್ಮೆ. ನಮಗೇನು, ಕಾರಿದೆ. ಗುಂಡಿಗೆ ಇಳಿದರೆ ಡಿಕ್ಕಿಯಲ್ಲಿ ಕೋಲುಗಳು ಖಣಖಣ ಅನ್ನುತ್ತವೆ, ಸೈಟಿನವನು ಯಾರದೋ ತಾಯಿಯನ್ನು ನೆನೆಯುತ್ತಾನೆ, ಅಷ್ಟೇ. ಹಿಂದೆ ಮಗಳನ್ನು ಕೂರಿಸಿಕೊಂಡು ಸ್ಕೂಟರಿನಲ್ಲಿ ಹೋಗುವವನ ಪಾಡು ಹಾಗಲ್ಲ. ಗುಂಡಿ ತಪ್ಪಿಸಲು ಹೋಗಿ ಲಾರಿ ಚಕ್ರಕ್ಕೆ ಸಿಕ್ಕವರ ಸುದ್ದಿ ಎಷ್ಟು ಸಲ ಓದಿದ್ದೇವೆ? ಚಾಲಕನ ಮೇಲೆ ಪ್ರಕರಣ ದಾಖಲಾಗುತ್ತದೆ. ಗುಂಡಿಯ ಬಿಲ್ ಬರೆದವನ ಮೇಲೆ? ಸಹಿ ಹಾಕಿದವನ ಮೇಲೆ? ಒಂದು ಡಬ್ಬ ಸುಣ್ಣ, ಒಂದು ಗೆರೆ, 'ಇಲ್ಲಿ ತಪ್ಪು ನಮ್ಮದು' ಅನ್ನುವ ಅಷ್ಟು ಮಾತು. ಅದನ್ನೂ ಎಳೆಯಲಾಗದವರು ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿಯಲ್ಲಿ 16 ಕಿ.ಮೀ. ಚಿಲ್ಲರೆ ಸುರಂಗ ಕೊರೆಯುತ್ತಾರಂತೆ. ಮೇಲಿನದನ್ನು ಮುಚ್ಚಲಿಕ್ಕೆ ಆಗದಿದ್ದರೂ ತೋಡುವುದು ಗೊತ್ತು, ನಿಜ.

ಇರಲಿ. ಈ ವರ್ಷದ ವೋಟು ಮುಗಿಯುತ್ತಾ ಬಂದಿದೆ: ಮೈಸೂರಿಗೆ ಒಂದು, ಕೊಡಗಿಗೆ ಒಂದು, ಚಿಕ್ಕಮಗಳೂರಿಗೆ ಒಂದು. ಎಲ್ಲ ನನ್ನೊಬ್ಬನ ಮೇಲೆ ನಿಂತಿದೆ. ಸೈಟಿನವನು ನಿನ್ನೆ ಮೂರು ಸಲ ಫೋನ್ ಮಾಡಿ 'ಊಟ ಆಯ್ತಾ ಗುರೂ' ಅಂದ. ಡಾಕ್ಟರು ನನ್ನ ದವಡೆ ಹಲ್ಲಿಗೆ ಪುಕ್ಕಟೆ ಕ್ಯಾಪ್ ಹಾಕ್ತೀನಿ ಅಂದಿದ್ದಾರೆ. ನಾನು ಎರಡು ಜೊತೆ ಬಟ್ಟೆ, ಬಿಪಿ ಮಾತ್ರೆ ಬ್ಯಾಗಿಗೆ ಹಾಕಿ, ಫೋನ್ ಆಫ್ ಮಾಡಿ, ಬಸ್ಸು ಬರುತ್ತದೇನೋ ಅಂತ ಗೇಟಿನ ಹತ್ತಿರ ಕೂತಿದ್ದೇನೆ.