ಕ್ಯಾಮೆರಾಕ್ಕೆ ಉಪ್ಪಿನ ಶಾಖ

ಹುಬ್ಬಳ್ಳಿಯ ನಮ್ಮ ಮಾಳಿಗೆಯಿಂದ ಧ್ರುವ ನಕ್ಷತ್ರ ಕಾಣುವುದಿಲ್ಲ. ಪಕ್ಕದ ಮನೆಯವರ ನೀರಿನ ಟ್ಯಾಂಕ್ ಕಾಣುತ್ತದೆ. ತಪ್ಪು ಅವರದ್ದಲ್ಲ, ಭೂಗೋಳದ್ದು. ನಾವಿರುವುದು 15 ಡಿಗ್ರಿ ಅಕ್ಷಾಂಶದಲ್ಲಿ. ಹಾಗಾಗಿ ಧ್ರುವನೂ ದಿಗಂತದಿಂದ ಬರೀ 15 ಡಿಗ್ರಿ ಮೇಲೆ. ಅವನನ್ನು ಮುಚ್ಚಲು ಒಂದು ಟ್ಯಾಂಕ್ ಧಾರಾಳ ಸಾಕು.

ಧ್ರುವ ಕಂಡರೇನು, ಬಿಟ್ಟರೇನು ಅನ್ನಬೇಡಿ. ಆಂಡ್ರೊಮಿಡಾ ಗ್ಯಾಲಕ್ಸಿಯ ಫೋಟೋ ತೆಗೆಯುವ ಹುಚ್ಚು ಹಿಡಿದವನಿಗೆ ಅವನೇ ಗತಿ. ಭೂಮಿ ತಿರುಗುತ್ತಲೇ ಇರುತ್ತದಲ್ವಾ? ನನ್ನ 200 ಎಂಎಂ ಲೆನ್ಸಿನಲ್ಲಿ ನಾಲ್ಕೈದು ಸೆಕೆಂಡ್ ಶಟರ್ ತೆರೆದಿಟ್ಟರೆ ಚುಕ್ಕೆಗಳೆಲ್ಲ ಜೀರಿಗೆ ಕಾಳಾಗುತ್ತವೆ. ಅದಕ್ಕೇ ಟ್ರ್ಯಾಕರ್ ಅನ್ನೋ ಮೋಟರ್. ಭೂಮಿ ತಿರುಗಿದ್ದಕ್ಕೆ ಉಲ್ಟಾ ಕ್ಯಾಮೆರಾವನ್ನು ತಿರುಗಿಸುತ್ತದೆ. ಅದರ ಅಚ್ಚು ಧ್ರುವನ ಕಡೆ ಇರದಿದ್ದರೆ ಮೋಟರ್ ಇದ್ದೂ ಜೀರಿಗೆಯೇ.

ಕತ್ತಲೂ ಬೇಕು. ಅಮಾವಾಸ್ಯೆಯೇ ಸರಿ ಅಂತ ಮೊದಲ ಸಲ ಆರಿಸಿಕೊಂಡದ್ದು ದೀಪಾವಳಿ ಅಮಾವಾಸ್ಯೆ. ನನ್ನ ಬುದ್ಧಿಗೆ ಏನನ್ನಬೇಕೋ! ಫೋಟೋ ತುಂಬ ರಾಕೆಟ್ಟು, ಹೊಗೆ.

ಎರಡನೇ ಸಲ ಎಳ್ಳಮವಾಸ್ಯೆ. ನವಲಗುಂದದ ಕಡೆ ಸೋದರಮಾವನ ಎರೆ ಹೊಲ. ಹಗಲು ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗೆ ಹೊಡೆದು, ಸಂಜೆ ಎಲ್ಲರೂ ಊರಿಗೆ ಹೊರಟರು. ಮಾವ, ಅತ್ತಿ ಮಾತ್ರ "ಒಬ್ನ ಬಿಟ್ಟು ಹೆಂಗ ಹೋಗೂದು?" ಎಂದು ಉಳಿದುಬಿಟ್ಟರು.

ಕತ್ತಲಾದ ಮೇಲೆ ಒಡ್ಡಿನ ಮೇಲೆ ಟ್ರೈಪಾಡ್ ಹೂಡಿದೆ. ಜೋಳದ ತೆನೆಗಳ ಮೇಲೆ ಧ್ರುವ ತಣ್ಣಗೆ ಕೂತಿದ್ದ. ನೆತ್ತಿಗಿಂತ ಸ್ವಲ್ಪ ಕೆಳಗೆ, ವಾಯವ್ಯದಲ್ಲಿ ಆಂಡ್ರೊಮಿಡಾ. ಸುಣ್ಣದ ಬೆರಳು ಒರೆಸಿದಷ್ಟು ಗುರುತು, ಬರಿಗಣ್ಣಿಗೇ. ಮಾವನಿಗೆ ತೋರಿಸಿದೆ.

"ಎಷ್ಟ್ ದೂರ ಐತಿ?"

"25 ಲಕ್ಷ ಬೆಳಕಿನ ವರ್ಷ, ಮಾವ. ಈಗ ಕಾಣೂ ಬೆಳಕು 25 ಲಕ್ಷ ವರ್ಷದ ಹಿಂದ ಅಲ್ಲಿಂದ ಹೊಂಟದ್ದು."

ಮಾವ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಅಂದ್ರ ನೀ ತಗಿಯೂದು ಹಳೇ ಫೋಟೋನ ಆತಲ್ಲೋ!"

ನನಗೆ ಉತ್ತರ ಹೊಳೆಯಲಿಲ್ಲ.

30 ಸೆಕೆಂಡಿನವು 120 ಫೋಟೋ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸುವ ಲೆಕ್ಕ. ನಲವತ್ತು ದಾಟುತ್ತಲೇ ಚುಕ್ಕೆ ಮಾಯ. ಲೆನ್ಸಿನ ಮೇಲೆ ಇಬ್ಬನಿ! 25 ಲಕ್ಷ ವರ್ಷ ಯಾರ ತಂಟೆಗೂ ಹೋಗದೆ ಬಂದ ಬೆಳಕು ನವಲಗುಂದಕ್ಕೆ ಬಂದು, ಸೆನ್ಸರ್‌ಗೆ ಇನ್ನೊಂದು ಗೇಣು ಇದೆ ಅನ್ನುವಾಗ ಸಿಕ್ಕಿಹಾಕಿಕೊಂಡಿತು. ಹೇರ್ ಡ್ರೈಯರ್ ಇತ್ತು. ಕರೆಂಟ್ ಇರಲಿಲ್ಲ.

ಅತ್ತಿ ಮಾತಾಡದೆ ಎದ್ದು, ಮೂರು ಕಲ್ಲಿನ ಒಲೆಯ ಕೆಂಡದ ಮೇಲೆ ಹಂಚಿಟ್ಟು ಉಪ್ಪು ಹುರಿದರು. ಹಳೇ ಸೀರೆಯ ತುಂಡಲ್ಲಿ ಗಂಟು ಕಟ್ಟಿದರು. "ನಿಮ್ಮ ಮಾವನ ಸೊಂಟಕ್ಕ ಇದನ್ನ ಮಾಡೂದು" ಎನ್ನುತ್ತ ಲೆನ್ಸಿಗೆ ಸುತ್ತಿ ಬಿಗಿದರು. ಹತ್ತು ನಿಮಿಷಕ್ಕೆ ಗಾಜು ತಿಳಿಯಾಯಿತು, ನಿಜವಾಗಿ! ಬಿಗಿಯುವಾಗ ಫೋಕಸ್ ರಿಂಗ್ ಚೂರು ತಿರುಗಿ ಚುಕ್ಕೆಗಳೆಲ್ಲ ಬೂಂದಿ ಆಗಿದ್ದವು. ಅದು ನನಗೆ ಗೊತ್ತಾಗಿದ್ದು ಮತ್ತೆ ಮೂವತ್ತು ಫೋಟೋ ಆದ ಮೇಲೆ.

ಕೊನೆಗೆ ಡಾರ್ಕ್ ಫ್ರೇಮ್. ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತಿನ ಇಪ್ಪತ್ತು ಫೋಟೋ ತೆಗೆಯಬೇಕು. ಕ್ಯಾಮೆರಾದ ಸ್ವಂತ ಕಲೆಗಳು ಅದರಲ್ಲಿ ಸಿಗುತ್ತವೆ, ಆಮೇಲೆ ಕಳೆಯಬಹುದು. ಟೈಮರ್ ಹಚ್ಚಿ ಚಹಾ ಕಾಸಲು ಹೋದೆ. ಬಂದಾಗ ಅತ್ತಿ ಟಾರ್ಚ್ ಹಿಡಿದು ಲೆನ್ಸಿನೊಳಗೆ ಇಣುಕುತ್ತಿದ್ದರು.

"ಮುಚ್ಚಳಾ ತಗಿಯೂದು ಮರ್ತ ಹೋಗಿದ್ಯಲ್ಲೋ ತಮ್ಮಾ! ಪುಣ್ಯಾ, ನಾ ನೋಡಿದೆ."

ಏನು ಹೇಳಲಿ? ಸುಮ್ನೆ ಚಹಾ ಕೊಟ್ಟೆ.

ಮೂರು ರಾತ್ರಿ ಕೂತು, ಕೆಟ್ಟದ್ದೆಲ್ಲ ತೆಗೆದು, ಉಳಿದವನ್ನು ಪೇರಿಸಿದೆ. ನಡುವೆ ಹಳದಿ ತಿರುಳು, ಸುತ್ತ ಮಸುಕು ಅಂಚು, ಮಗ್ಗುಲಲ್ಲಿ ಎಂ32 ಅನ್ನೋ ಮರಿ ಗ್ಯಾಲಕ್ಸಿ. ಎದೆಯುಬ್ಬಿಸಿ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಅರ್ಧ ಗಂಟೆ ಬಿಟ್ಟು ಮಾವನ ಫೋನ್ ಬಂತು.

"ಫೋಟೋ ಚೊಲೋ ಬಂದೈತಿ. ಆದ್ರ ಉಪ್ಪಿನ ಗಂಟು ಎಲ್ಲೂ ಕಾಣವಲ್ದಲ್ಲಾ ಅಂತ ನಿಮ್ಮತ್ತಿ ಕೇಳಾಕತ್ತಾಳ."