ಹಾಸ್ಟೆಲ್ ರೂಮಿಗೆ ಮೊದಲು ಹೋಗಬೇಕಾದ್ದು ಅಳತೆ ಟೇಪು

ಸೀಟು ಸಿಕ್ಕಿದ್ದೇ ತಡ, ಮನೆಯಲ್ಲಿ ಪಟ್ಟಿ ಬೆಳೆಯಲು ಶುರು. ಹಾಸಿಗೆ, ಬಕೆಟ್ಟು, ಕೆಟಲ್, ಶೂ ರ‍್ಯಾಕು, ಮಡಚುವ ಮೇಜು, ಗೋಡೆಗೆ ಮಿಣುಕು ದೀಪದ ಸರ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ 'ಹಾಸ್ಟೆಲ್ ಕಿಟ್' ಅಂತ ಮಾರುವವರೂ ಇದ್ದಾರೆ. ನಾನು ಹೇಳುವುದು ಇಷ್ಟೇ: ರೂಮು ಕಣ್ಣಾರೆ ನೋಡುವ ತನಕ ಈ ಪಟ್ಟಿಯ ಮುಕ್ಕಾಲು ಪಾಲಿಗೆ ದುಡ್ಡು ಬಿಚ್ಚಬೇಡಿ. ಬೆಂಗಳೂರಿನ ಹಾಸ್ಟೆಲ್ ಆಗಲಿ, ಪಿಜಿ ಆಗಲಿ, ಹೊಸಬರನ್ನು ಕಾಡುವುದು ಮೂರೇ. ಜಾಗ ಸಾಲದು, ಪ್ಲಗ್ಗು ಸಾಲದು, ಬಟ್ಟೆ ಒಣಗದು. ಅಂಗಡಿಯ ಕಿಟ್ಟು ಈ ಮೂರರಲ್ಲಿ ಒಂದನ್ನೂ ಮುಟ್ಟುವುದಿಲ್ಲ.

ಮೊದಲ ಸಲ ಹೋಗುವಾಗ ಚಾಪೆ, ಜಮಖಾನ, ದಿಂಬು, ಎರಡು ಬೆಡ್‌ಶೀಟು, ಒಂದು ಹೊದಿಕೆ, ಬೀಗ, ಒಂದು ವಾರದ ಬಟ್ಟೆ ಮತ್ತು ಟೇಪು ಇದ್ದರೆ ಸಾಕು. ಎರಡು ರಾತ್ರಿ ಜಮಖಾನದ ಮೇಲೆ ಮಲಗಿದರೆ ಹದಿನೆಂಟರ ಬೆನ್ನಿಗೆ ಏನೂ ಆಗುವುದಿಲ್ಲ.

ಅಳೆಯುವುದು ಏನನ್ನು? ಮಂಚದ ಉದ್ದ ಅಗಲ, ಮಂಚದ ಅಡಿಯ ಎತ್ತರ, ಬೀರುವಿನ ಒಳಗಿನ ಅಗಲ, ಪ್ಲಗ್ಗಿನಿಂದ ತಲೆದಿಂಬಿನವರೆಗಿನ ದೂರ. ಪಿಜಿಯಾದರೆ ರೂಮಿನ ಉದ್ದಗಲವನ್ನೂ ಅಳೆಯಿರಿ. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಕೊಡಬೇಕು ಅಂತ 2024ರಲ್ಲೇ ಬಿಬಿಎಂಪಿ ಪಿಜಿಗಳಿಗೆ ನಿಯಮ ಮಾಡಿತ್ತು. ಇಬ್ಬರ ರೂಮು ಅಂದರೆ 10ಕ್ಕೆ 14 ಅಡಿ. 10ಕ್ಕೆ 10ರಲ್ಲಿ ಮೂರು ಮಂಚ ಹಾಕಿದ್ದರೆ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ, ಕೊಟ್ಟ ಮೇಲೆ ಕೇಳಿ ಪ್ರಯೋಜನವಿಲ್ಲ. ಮಂಚದ ಅಡಿಯ ಎತ್ತರ ಯಾಕೆ ಅಂದರೆ ಆ ರೂಮಿನಲ್ಲಿ ನಿಮ್ಮದು ಅಂತ ಇರುವ ಗೋಡೌನು ಅದೊಂದೇ. ಅಲ್ಲಿ 12 ಇಂಚು ಜಾಗವಿದ್ದು ನೀವು 14 ಇಂಚಿನ ಟ್ರಂಕು ತಂದರೆ, ನಾಲ್ಕು ವರ್ಷ ಆ ಟ್ರಂಕು ಓಡಾಡುವ ದಾರಿಯಲ್ಲೇ ಕೂತಿರುತ್ತದೆ, ಎಲ್ಲರ ಮೊಣಕಾಲಿಗೂ ತಗಲುತ್ತಾ.

ಹಾಸಿಗೆಗೆ ಮುಂಚೆ ತಿಗಣೆ. ಫೋನಿನ ಟಾರ್ಚ್ ಹಾಕಿ ಮಂಚದ ಸಂದು, ಪ್ಲೈವುಡ್ಡಿನ ಬಿರುಕು, ಮೊಳೆಯ ತೂತು, ಹಳೆ ಹಾಸಿಗೆ ಕೊಟ್ಟಿದ್ದರೆ ಅದರ ಅಂಚಿನ ಹೊಲಿಗೆ, ಎಲ್ಲ ನೋಡಿ. ಹುಳ ಕಾಣಿಸದಿದ್ದರೂ ಪೆನ್ನಿನ ಶಾಯಿ ಚುಕ್ಕೆಯಂಥ ಕಪ್ಪು ಗುರುತುಗಳು ಸಾಲಾಗಿದ್ದರೆ ಅದು ತಿಗಣೆಯ ಮಲ. ಅಂಥ ಮಂಚದ ಮೇಲೆ ಬ್ಯಾಗು ಕೂಡ ಇಡಬೇಡಿ, ಮಂಚ ಬದಲಿಸಿ ಅನ್ನಿ. 'ಔಷಧಿ ಹೊಡೆಸಿದ್ದೇವೆ' ಅನ್ನುವ ಉತ್ತರ ಬಂದರೆ ಎಷ್ಟು ಸಲ ಅಂತ ಕೇಳಿ. ಔಷಧಿಗೆ ಹುಳ ಸತ್ತರೂ ಮೊಟ್ಟೆ ಉಳಿಯುತ್ತದೆ, ಅದು ಒಂದು ಒಂದೂವರೆ ವಾರದಲ್ಲಿ ಒಡೆಯುತ್ತದೆ. ಹಾಗಾಗಿ ಸುಮಾರು ಎರಡು ವಾರ ಬಿಟ್ಟು ಮತ್ತೊಮ್ಮೆ ಹೊಡೆಸದಿದ್ದರೆ ಮೊದಲನೆಯದು ದಂಡ. ಅಕ್ಕಪಕ್ಕದ ರೂಮು ಬಿಟ್ಟು ನಿಮ್ಮದೊಂದಕ್ಕೇ ಹೊಡೆಸಿದರೂ ಅಷ್ಟೆ, ಗೋಡೆಯ ಸಂದಿನಿಂದ ವಾಪಸ್ ಬರುತ್ತವೆ. ಮನೆಗೆ ಬಟ್ಟೆ ಒಯ್ಯುವಾಗ ಅನುಮಾನವಿದ್ದರೆ, ತಡೆದುಕೊಳ್ಳುವ ಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಅರ್ಧ ಗಂಟೆ ಬಿಸಿಲಿಗೆ ಹಾಕಿದರೆ ತಿಗಣೆಗಳು ನೆರಳಿನ ಮಡಿಕೆಗೆ ಸರಿದು ಆರಾಮಾಗಿರುತ್ತವೆ.

ಈಗ ಹಾಸಿಗೆ. ಕಿಟ್ಟಿನ ಮೇಲೆ ಉಳಿಸಿದ ದುಡ್ಡನ್ನೆಲ್ಲ ಇಲ್ಲಿ ಹಾಕಿ ಅಂತ ನಾನು ಹೇಳುತ್ತೇನೆ. ಅಂಗಡಿಯಲ್ಲಿ ಸಿಂಗಲ್ ಅಂದರೆ ಒಂದೇ ಅಳತೆಯಲ್ಲ. 72ಕ್ಕೆ 30, 72ಕ್ಕೆ 36, 75ಕ್ಕೆ 36, 78ಕ್ಕೆ 36 ಇಂಚು, ಹೀಗೆ ಇರುತ್ತವೆ. 6 ಅಡಿ ಮಂಚಕ್ಕೆ 78 ಇಂಚಿನದು ತಂದರೆ ಕಾಲಿನ ಕಡೆ ಅರ್ಧ ಅಡಿ ಜೋತುಬಿದ್ದು ಅಲ್ಲೇ ಮುರಿಯುತ್ತದೆ. ದಪ್ಪ 4 ಇಂಚು ಸಾಕು. ಫೋಮ್ ಆದರೆ ಡೆನ್ಸಿಟಿ ಕೇಳಿ, ಅಂದರೆ ಒಂದು ಘನ ಮೀಟರ್ ಫೋಮು ಎಷ್ಟು ಕೆ.ಜಿ. ತೂಗುತ್ತದೆ ಅನ್ನುವುದು, 32ಕ್ಕಿಂತ ಕಡಿಮೆ ಬೇಡ. ಕವರಿನ ಮೇಲೆ ಬರೆದದ್ದನ್ನು ನಂಬುವ ಬದಲು ತೂಗಿಸಿ. 6ಕ್ಕೆ 3 ಅಡಿ, 4 ಇಂಚು ದಪ್ಪದ ಹಾಸಿಗೆ ನಿಜವಾಗಿ 32 ಡೆನ್ಸಿಟಿಯದಾದರೆ ಸುಮಾರು ಐದೂವರೆ ಕೆ.ಜಿ. ಇರಬೇಕು. 4 ಕೆ.ಜಿ. ಮುಟ್ಟದಿದ್ದರೆ ಬರೆದಿರುವುದು ಸುಳ್ಳು, ಆರು ತಿಂಗಳಲ್ಲಿ ನಡು ಕುಸಿದು ತೊಟ್ಟಿಲಾಗುತ್ತದೆ. ಬಾಳಿಕೆ ಬೇಕು ಅನ್ನುವವರಿಗೆ ಫೋಮಿನ ಚೂರುಗಳನ್ನು ಒತ್ತಿ ಅಂಟಿಸಿದ ರೀಬಾಂಡೆಡ್ ಒಳ್ಳೆಯದು, ಆದರೆ ಅದೇ ಅಳತೆಗೆ 14ರಿಂದ 17 ಕೆ.ಜಿ. ತೂಗುತ್ತದೆ, ಮೂರನೇ ಮಹಡಿಗೆ ಯಾರು ಹೊರುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹತ್ತಿ ಹಾಸಿಗೆ ಬೆನ್ನಿಗೆ ಹಿತ, ಒಪ್ಪುತ್ತೇನೆ. ಆದರೆ ಅದು ತಿಂಗಳಿಗೊಮ್ಮೆಯಾದರೂ ಬಿಸಿಲು ಕೇಳುತ್ತದೆ, ಟೆರೇಸಿಗೆ ಬೀಗ ಹಾಕಿರುವ ಪಿಜಿಯಲ್ಲಿ ಆ ಬಿಸಿಲು ಎಲ್ಲಿಂದ ತರುತ್ತೀರಿ?

ಬೆಡ್‌ಶೀಟು 60ಕ್ಕೆ 90 ಇಂಚಿನದಾದರೆ 36 ಇಂಚಿನ ಹಾಸಿಗೆಗೆ ಎರಡೂ ಕಡೆ 8 ಇಂಚು ಒಳಗೆ ಸಿಕ್ಕಿಸಲು ಬರುತ್ತದೆ. ಅದಕ್ಕಿಂತ ಚಿಕ್ಕದು ಬೆಳಗಾಗುವಷ್ಟರಲ್ಲಿ ಕಾಲಬುಡದಲ್ಲಿ ಮುದ್ದೆಯಾಗಿರುತ್ತದೆ.

ತೇವದ ವಿಷಯಕ್ಕೆ ಬರೋಣ. ಮೊದಲ ವರ್ಷದವರು ರೂಮಿಗೆ ಬರುವುದು ಹೆಚ್ಚಾಗಿ ಆಗಸ್ಟ್, ಸೆಪ್ಟೆಂಬರಿನಲ್ಲಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಜೋರು ಮಳೆಯ ತಿಂಗಳು, ಅಕ್ಟೋಬರಿನಲ್ಲೂ ಅದು ಬಿಡುವುದಿಲ್ಲ. ಪ್ಲೈವುಡ್ ಅಥವಾ ಕಬ್ಬಿಣದ ಶೀಟಿನ ಮಂಚದಲ್ಲಿ ಹಾಸಿಗೆಯ ಅಡಿ ಗಾಳಿಯಾಡುವುದಿಲ್ಲ. ಮೈಬೆವರಿನ ತೇವ ಕೆಳಗಿಳಿದು ಅಲ್ಲೇ ನಿಂತು, ಹಾಸಿಗೆಯ ಹೊಟ್ಟೆಗೆ ಬೂಷ್ಟು ಹಿಡಿಯುತ್ತದೆ. ಮೇಲಿನಿಂದ ನೋಡಿದರೆ ಗೊತ್ತೇ ಆಗದು, ವಾಸನೆ ಬಂದಾಗಲೇ ತಿಳಿಯುವುದು. ಅದಕ್ಕೇ ಚಾಪೆ ತರಲು ಹೇಳಿದ್ದು. ಹಾಸಿಗೆಗೂ ಹಲಗೆಗೂ ನಡುವೆ ಚಾಪೆ ಹಾಸಿ, ವಾರಕ್ಕೊಮ್ಮೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಫ್ಯಾನ್ ಹಾಕಿ. ಬೀರುವನ್ನು ಹೊರಗೋಡೆಗೆ ಅಂಟಿಸಬೇಡಿ, ಎರಡು ಇಂಚು ಬಿಡಿ. ನುಸಿ ಗುಳಿಗೆ ಹಾಕಿದ್ದೀವಲ್ಲ ಅನ್ನುತ್ತಾರೆ. ಅದು ಹುಳಕ್ಕೆ, ತೇವಕ್ಕಲ್ಲ.

ಬಟ್ಟೆಯ ಪಟ್ಟಿಯನ್ನೂ ಇದೇ ಕಣ್ಣಿನಿಂದ ನೋಡಿ. ಮಳೆಗಾಲದಲ್ಲಿ ಜೀನ್ಸ್ ಒಣಗಲು ಎರಡು ಮೂರು ದಿನ ಬೇಕು. ಎರಡು ಜೀನ್ಸ್ ಸಾಕು, ಉಳಿದವು ತೆಳುವಾದ ಪ್ಯಾಂಟುಗಳಿರಲಿ. ದಪ್ಪ ಟರ್ಕಿ ಟವೆಲ್ ಒಂದೂ ಬೇಡ. ತೆಳು ಹತ್ತಿ ಟವೆಲ್ ಮೂರು ತನ್ನಿ, ಫ್ಯಾನಿನ ಗಾಳಿಗೇ ಒಣಗುತ್ತವೆ. ಒಳಉಡುಪು ಏಳೆಂಟು ಜೊತೆ. ಕಿಟಕಿಯ ಸರಳಿನಿಂದ ಕಟ್ಟಲು 5 ಮೀಟರ್ ನೈಲಾನ್ ಹಗ್ಗ, ಎರಡು ಡಜನ್ ಕ್ಲಿಪ್ಪು. ಗೋಡೆಗೆ ಅಂಟಿಸುವ ಹುಕ್ಕುಗಳನ್ನು ಎಲ್ಲರೂ ಕೊಳ್ಳುತ್ತಾರೆ. ಡಿಸ್ಟೆಂಪರ್ ಬಳಿದ ಗೋಡೆಗೆ ಅವು ನಿಲ್ಲವು, ಬಣ್ಣದ ಪುಡಿಯ ಸಮೇತ ಕಿತ್ತು ಬರುತ್ತವೆ. ಟೈಲ್ಸಿಗೆ, ಬೀರುವಿನ ಬಾಗಿಲಿಗೆ ಮಾತ್ರ ಹಚ್ಚಿ, ಅದೂ ಒರೆಸಿ ಒಣಗಿಸಿದ ಮೇಲೆ.

ಕರೆಂಟಿನದು ಸಣ್ಣ ಗಣಿತ, ಆದರೆ ಹಾಸ್ಟೆಲುಗಳಲ್ಲಿ ಹೊಗೆ ಬರುವುದು ಈ ಗಣಿತ ತಪ್ಪಿದಾಗಲೇ. ಗೋಡೆಯ ಸಣ್ಣ ಪ್ಲಗ್ಗು 6 ಆಂಪಿಯರಿನದು. 230 ವೋಲ್ಟಿಗೆ ಗುಣಿಸಿದರೆ 1380 ವ್ಯಾಟ್, ಅದೇ ಅದರ ಮಿತಿ. ಲ್ಯಾಪ್‌ಟಾಪ್ 65, ಫೋನು 30ರ ಒಳಗೆ, ಎಲ್‌ಇಡಿ ದೀಪ 9. ಇಬ್ಬರದೂ ಸೇರಿ 210 ವ್ಯಾಟ್ ದಾಟುವುದು ಕಷ್ಟ, ಚಿಂತೆಯಿಲ್ಲ. ಕೆಟಲ್ 1500. ಒಂದೇ ಕೆಟಲ್ ಮಿತಿ ದಾಟಿತು. ಪಕ್ಕದಲ್ಲಿ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಸೇರಿದರೆ ಸುಮಾರು 11 ಆಂಪಿಯರ್, ಬೋರ್ಡು ಕರಗಲು ಇನ್ನೇನು ಬೇಕು? ಕೆಟಲ್ ತರಲು ವಾರ್ಡನ್ ಒಪ್ಪಿದರೆ 1000 ವ್ಯಾಟಿನ ಒಳಗಿನದು ನೋಡಿ, ನೇರ ಗೋಡೆಯ ಪ್ಲಗ್ಗಿಗೇ ಹಾಕಿ, ಎಕ್ಸ್‌ಟೆನ್ಷನ್ನಿಗೆ ಬೇಡ. ನೀರು ಕಾಯಿಸುವ ಕಾಯಿಲ್ ಯಾರು ಒಪ್ಪಿದರೂ ಬೇಡ. ಒಣ ಬಕೆಟ್ಟಿನಲ್ಲಿ ಆನ್ ಆದರೆ ಪ್ಲಾಸ್ಟಿಕ್ ಕರಗುತ್ತದೆ, ಆನ್ ಇರುವಾಗ ನೀರಿಗೆ ಕೈ ಹಾಕಿದರೆ ಪ್ರಾಣಕ್ಕೇ ಕುತ್ತು.

ಎಕ್ಸ್‌ಟೆನ್ಷನ್ ಬೋರ್ಡು ಐಎಸ್‌ಐ ಗುರುತಿನದು, ಮೂರು ಪಿನ್ನಿನದು, ತಂತಿ ನೀವು ಅಳೆದ ದೂರಕ್ಕಿಂತ ಒಂದು ಮೀಟರ್ ಹೆಚ್ಚಿರಲಿ. ಉಳಿದ ತಂತಿಯನ್ನು ಸುರುಳಿ ಸುತ್ತಿ ಹಾಸಿಗೆಯ ಅಡಿ ತುರುಕಬೇಡಿ, ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಎರಡು ಪಿನ್ನಿನ ಅಡಾಪ್ಟರ್ ಮೂಲಕ ಲ್ಯಾಪ್‌ಟಾಪ್ ಚಾರ್ಜ್ ಮಾಡುವಾಗ ಅದರ ಲೋಹದ ಮೈ ಮುಟ್ಟಿದರೆ ಕೈ ಜುಮ್ಮೆನ್ನುತ್ತದಲ್ಲ, ಅದು ಅರ್ಥಿಂಗ್ ತಪ್ಪಿದ್ದರ ಲಕ್ಷಣ. ಇವನ್ನೆಲ್ಲ ಕೊಳ್ಳಲು ಎಸ್.ಪಿ. ರಸ್ತೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಇವೆ. ಬೆಡ್‌ಶೀಟಿಗೆ ಚಿಕ್ಕಪೇಟೆ, ನೋಟ್‌ಬುಕ್ಕು ಹಳೆ ಪುಸ್ತಕಕ್ಕೆ ಅವೆನ್ಯೂ ರಸ್ತೆ, ಎಲ್ಲ ಚಿಕ್ಕಪೇಟೆ ಮೆಟ್ರೋ ನಿಲ್ದಾಣದಿಂದ ನಡೆಯುವಷ್ಟು ದೂರದಲ್ಲಿ. ಭಾನುವಾರ ಮಾತ್ರ ಹೋಗಬೇಡಿ, ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ.

ದೀಪ ಒಂದು ಬೇಕೇ ಬೇಕು. ಟ್ಯೂಬ್‌ಲೈಟು ಬೆನ್ನ ಹಿಂದಿರುತ್ತದೆ, ಪುಸ್ತಕದ ಮೇಲೆ ನಿಮ್ಮ ತಲೆಯದೇ ನೆರಳು. ಮೇಜಿಗೆ ಕಚ್ಚಿಸುವ ಕ್ಲಿಪ್ ದೀಪ ತನ್ನಿ, ಬಲಗೈಯಲ್ಲಿ ಬರೆಯುವವರು ಎಡಕ್ಕಿಡಿ. ರೂಮ್‌ಮೇಟ್ ಮಲಗಿದ್ದಾಗ ಕೆಳಕ್ಕೆ ಬಾಗಿಸಲು ಬರುವಂಥದ್ದಿರಲಿ. ಮಿಣುಕು ದೀಪದ ಸರದ ಕೆಳಗೆ ಯಾರೂ ಗಣಿತ ಓದಿದ್ದಿಲ್ಲ.

ಬಕೆಟ್ಟು 16 ಲೀಟರಿನದು ಸಾಕು. 20ರದು ತುಂಬಿದರೆ 20 ಕೆ.ಜಿ., ಕಾರಿಡಾರಿನ ಉದ್ದಕ್ಕೂ ಹೊತ್ತು ನೋಡಿ. ಬೋರ್‌ವೆಲ್ ನೀರಿನ ಕಟ್ಟಡವಾದರೆ ಬಟ್ಟೆ ಸೋಪು ನೊರೆಯೇ ಬರುವುದಿಲ್ಲ, ಡಿಟರ್ಜೆಂಟ್ ಪುಡಿ ವಾಸಿ. ಕೆಟಲಿನ ತಳಕ್ಕೆ ಬಿಳಿ ಪದರ ಕಟ್ಟಿದಾಗ ಅರ್ಧ ಲೀಟರ್ ನೀರಿಗೆ ಎರಡು ನಿಂಬೆಹಣ್ಣಿನ ರಸ ಹಿಂಡಿ ಕುದಿಸಿ ಅರ್ಧ ಗಂಟೆ ಬಿಡಿ, ಬಿಟ್ಟುಕೊಳ್ಳುತ್ತದೆ. ಸೋಲಾರ್ ನೀರಿನ ಮನೆಯಲ್ಲಿ ಮೊದಲ ಬಕೆಟ್ಟು ಪೈಪಿನಲ್ಲಿ ನಿಂತ ತಣ್ಣೀರು, ಅದನ್ನು ಬಟ್ಟೆ ನೆನೆಸಲು ಇಟ್ಟುಕೊಳ್ಳಿ.

ಚಟ್ನಿಪುಡಿ, ಉಪ್ಪಿನಕಾಯಿ, ತುಪ್ಪ ಹೇಗೂ ಅಮ್ಮ ಕಟ್ಟಿಕೊಡುತ್ತಾರೆ. ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ತಿರುಪು ಮುಚ್ಚಳದ ಡಬ್ಬಿಯಲ್ಲಿರಲಿ. ಇರುವೆ ಬಂದರೆ ನೀರು ಹಾಕಿದ ತಟ್ಟೆಯ ನಡುವೆ ಡಬ್ಬಿ ನಿಲ್ಲಿಸಿ.

ಸಾಮಾನು ಇಳಿಸುವ ಮುನ್ನ ಖಾಲಿ ರೂಮಿನ ವಿಡಿಯೋ ಮಾಡಿ: ಗೋಡೆಯ ಕಲೆ, ಚಾವಣಿಯ ನೀರಿನ ಗುರುತು, ಒಡೆದ ಸ್ವಿಚ್ಚು, ಬೀರುವಿನ ತುಕ್ಕು. ಅವತ್ತೇ ಪಿಜಿಯವರಿಗೆ ವಾಟ್ಸಾಪ್ ಮಾಡಿ. ಬಿಡುವ ದಿನ ಪೇಂಟಿಂಗ್ ಹೆಸರಿನಲ್ಲಿ ಅಡ್ವಾನ್ಸ್ ಕತ್ತರಿಸಲು ಬಂದಾಗ ತೋರಿಸಲು ಅದೊಂದೇ ಇರುತ್ತದೆ.

ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರದ ಅಸಲು ಪ್ರತಿಗಳು ಕಾಲೇಜಿನ ಕೆಲಸ ಮುಗಿದ ದಿನವೇ ಊರಿಗೆ ವಾಪಸಾಗಲಿ. ರೂಮಿನಲ್ಲಿ ಐದು ಸೆಟ್ ಜೆರಾಕ್ಸು, ಒಂದು ಡಜನ್ ಪಾಸ್‌ಪೋರ್ಟ್ ಫೋಟೋ ಸಾಕು. ಬೀಗ ಕೊಳ್ಳುವ ಮುಂಚೆ ಬೀರುವಿನ ಕೊಂಡಿಯ ತೂತು ನೋಡಿ, ದಪ್ಪ ಕಂಬಿಯ ಬೀಗ ಅದರೊಳಗೆ ತೂರುವುದಿಲ್ಲ. ಮೂರು ಕೀಲಿ ಕೊಟ್ಟಿದ್ದರೆ ಒಂದು ಜೇಬಿಗೆ, ಒಂದು ಕಾಲೇಜು ಬ್ಯಾಗಿನ ಒಳಜೇಬಿಗೆ, ಮೂರನೆಯದು ಊರಿನ ಮನೆಗೆ. ಮೂರನ್ನೂ ಒಂದೇ ಗೊಂಚಲಿನಲ್ಲಿ ಹಾಕಿಕೊಂಡವರೇ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಬೀಗ ಒಡೆಸಲು ಸುತ್ತಿಗೆ ಹುಡುಕುವುದು.